ಎಡಕ್ಕೆ ಮಾತ್ರ

(ಅಮೆರಿಕದ ಶಾರ್ಲಟ್ ಮೋಟರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್. ಮಾವನವರು ಶಿರಾಡಿ ಘಾಟಿಯಲ್ಲಿ ಕೆಂಪು ಬಸ್ಸು ಹತ್ತಿಸಿ ಇಳಿಸಿ ನಿವೃತ್ತರಾದವರು.)

ಅಳಿಯ: ಮಾವ, ನಿಮ್ಮ ಷಷ್ಟಿಪೂರ್ತಿಗೆ ಉಡುಗೊರೆ. ಇವತ್ತು ಸ್ಟಾಕ್ ಕಾರ್ ನೀವೇ ಓಡಿಸ್ಬೇಕು!

ಮಾವ: ಡೋರೆಲ್ಲಿ ಅಳಿಯಂದ್ರೇ?

ಅಳಿಯ: ತೆಗೆಯೋ ಡೋರಿಲ್ಲ. ಕಿಟಕಿಯಲ್ಲಿ ನುಗ್ಗಬೇಕು. ಕೂತ ಮೇಲೆ ಸ್ಟೀರಿಂಗ್ ಸಿಕ್ಕಿಸ್ತಾರೆ.

ಮಾವ: ಕಿಟಕಿಯಲ್ಲಿ ನುಗ್ಗೋಕೆ ಡಾಲರ್ ಕೊಟ್ರಾ? ನಮ್ಮ ಬಸ್ಸಲ್ಲಿ ಬಿಟ್ಟೀಲಿ ನುಗ್ತಿದ್ರು.

ಅಳಿಯ: ಒಂದೂವರೆ ಮೈಲಿ ಟ್ರ್ಯಾಕು. ತಿರುವಲ್ಲಿ ರಸ್ತೆ 24 ಡಿಗ್ರಿ ವಾಲಿರುತ್ತೆ. ಬರೀ ಎಡಕ್ಕೆ ತಿರುಗಿಸೋದು.

ಮಾವ: ಬಲಕ್ಕೆ ಯಾರು ತಿರುಗಿಸ್ತಾರೆ?

ಅಳಿಯ: ಯಾರೂ ಇಲ್ಲ. ಸ್ಪೀಡೋಮೀಟರೂ ಇಲ್ಲ, ಇಂಜಿನ್ ಸುತ್ತು ತೋರಿಸೋ ಮುಳ್ಳಷ್ಟೇ.

ಮಾವ: ನಮ್ಮದ್ರಲ್ಲಿತ್ತು. ಓಡ್ತಿರಲಿಲ್ಲ.

ಅಳಿಯ: ಈ ಸ್ಟಾಕ್ ಕಾರ್ ರೇಸಿಗೆ ದೊಡ್ಡ ಇತಿಹಾಸ ಇದೆ ಮಾವ! ಕಳ್ಳಭಟ್ಟಿ ಸಾಗಿಸೋರು ಪೊಲೀಸರ ಕೈಗೆ ಸಿಗದ ಹಾಗೆ ಮಾಮೂಲಿ ಕಾರುಗಳ ಇಂಜಿನ್ ತಿದ್ದಿ ಓಡಿಸ್ತಿದ್ರು. ಅವರಲ್ಲೇ ಕೆಲವರು ರೇಸಿಗಿಳಿದ್ರು. 1948ರಲ್ಲಿ ಈ ರೇಸ್ ನಡೆಸೋ ನ್ಯಾಸ್ಕಾರ್ ಸಂಸ್ಥೆ ಆಯ್ತು.

ಮಾವ: ಪಾಪ, ರೇಸಿಗೇ ನಿಂತುಬಿಟ್ರು. ನಮ್ಮ ಕಡೆ ಆಗಿದ್ರೆ ಎಲೆಕ್ಷನ್ನಿಗೆ ನಿಲ್ತಿದ್ರು.

ಅಳಿಯ: ಇಲ್ಲೊಂದು ಸೈನ್ ಹಾಕಿ. ಏನಾದ್ರೂ ಆದ್ರೆ ಟ್ರ್ಯಾಕಿನವರು ಜವಾಬ್ದಾರರಲ್ಲ ಅಂತ.

ಮಾವ: ಮತ್ಯಾರು?

ಅಳಿಯ: ನೀವೇ.

ಮಾವ: ಉಡುಗೊರೆ ಅಂದ್ರಿ! ಹೋಗ್ಲಿ, ಕೊನೇ ಸ್ಟಾಪ್ ಯಾವುದು?

ಅಳಿಯ: ಹೊರಟ ಜಾಗವೇ.

ಮಾವ: ಪ್ಯಾಸೆಂಜರಿಲ್ಲ, ಸ್ಟಾಪಿಲ್ಲ, ಕಲೆಕ್ಷನ್ನಿಲ್ಲ. ಈ ಶೆಡ್ಯೂಲ್ ಹಾಕಿದ ಡಿಪೋ ಮ್ಯಾನೇಜರ್ ಯಾರ್ರೀ?