ಗುಂಪಿನಲ್ಲಿ ಸೌಜನ್ಯ ಕಾಪಾಡಿ

ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಒಂಬತ್ತು ನಿಯಮಗಳಿವೆ. ಹೆಗಡೆಕಟ್ಟಾ ಸುತ್ತಿನ ನಾಲ್ಕಾರು ಊರಿನವರು ಸೇರಿ ಕಟ್ಟಿಕೊಂಡ ಗುಂಪು. ರಾಜಕೀಯ ಬೇಡ. ಜಾತಿ, ಧರ್ಮ ಬೇಡ. ವೈಯಕ್ತಿಕ ನಿಂದೆ ಬೇಡ. ಬಂದದ್ದನ್ನೆಲ್ಲ ದೂಡಬೇಡಿ. ನಿಯಮ ಬರೆದವರು ಅಡ್ಮಿನ್. ಮೊದಲು ಮುರಿದವರೂ ಅವರೇ. ಹನ್ನೊಂದನೇ ನಿಮಿಷಕ್ಕೆ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬೆಳಿಗ್ಗೆ ಏಳಕ್ಕೆ ಅಡಿಕೆ ಸೋಗೆಯ ಫೋಟೊ ಹಾಕಿದ. ಬೆಂಗಳೂರು ಬಿಟ್ಟು ಬಂದು ತೋಟ ಹಿಡಿದವನು. ಸೋಗೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕಿಗಳು. ಕೆಳಗೆ ಒಂದೇ ಸಾಲು: ‘ಇದು ಎಲೆಚುಕ್ಕಿ ಹೌದಾ? ಈ ಹಸಿಯಲ್ಲಿ ಔಷಧಿ ಹೊಡೆಯಬಹುದಾ?’

ಗುಂಪಿನ ತುಂಬ ಅಡಿಕೆ ಬೆಳೆಗಾರರು. ಮೊದಲ ಉತ್ತರ ಗುಲಾಬಿ ಹೂವು, ಶುಭೋದಯ. ಎರಡನೆಯದು ಮುಗಿದ ಕೈ. ಮೂರನೆಯವರು ರಾಸಾಯನಿಕ ಹೊಡೆಯುವವರೆಲ್ಲ ಭೂಮಿತಾಯಿಯ ಕೊಲೆಗಡುಕರು ಎಂದರು. ನಾಲ್ಕನೆಯವರು, ಹಾಗಾದರೆ ನಿಮ್ಮ ಕೊಟ್ಟಿಗೆಯ ಮೈಲುತುತ್ತದ ಚೀಲ ಪೂಜೆಗೆ ಇಟ್ಟದ್ದಾ ಎಂದರು. ಐದನೆಯವರು ಎಲ್ಲದಕ್ಕೂ ಅಡಿಕೆ ಆಮದೇ ಕಾರಣ ಎಂದರು. ಅಲ್ಲಿಂದ ದೆಹಲಿಗೆ ಒಂದೇ ಹಾರು. ಹತ್ತು ಗಂಟೆಯ ಹೊತ್ತಿಗೆ ಯಾರದೋ ತೀರಿಹೋದ ಅಜ್ಜ ಗಡಿಕಲ್ಲು ಸರಿಸಿದ ಸಂಗತಿ ಹೊರಬಿತ್ತು. ಹನ್ನೊಂದಕ್ಕೆ ಇಬ್ಬರು ಗುಂಪು ಬಿಟ್ಟರು. ಹನ್ನೆರಡಕ್ಕೆ ಅಡ್ಮಿನ್ ಅವರನ್ನು ಮತ್ತೆ ಸೇರಿಸಿದರು. ಊಟವಾದ ಮೇಲೆ ಅವರು ಮತ್ತೆ ಬಿಟ್ಟರು. ಮೊದಲ ಸಲ ಬಿಟ್ಟದ್ದನ್ನು ಕೆಲವರು ನೋಡಿರಲಿಲ್ಲವಂತೆ.

ಇವರೆಲ್ಲ ಯಾರು ಅಂದುಕೊಂಡಿರಿ? ತಾಳಮದ್ದಲೆಯ ರಸಿಕರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಹೆಸರೆತ್ತಿದರೆ ಕಣ್ಣರಳಿಸುವವರು. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಬಾಣ ತಿಂದು ಬಿದ್ದ ವಾಲಿ ರಾಮನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಆದರೂ ರಾಮ ಮಾತು ಮುಗಿಸುವ ತನಕ ಕಾಯುತ್ತಾನೆ. ಎದೆಯಲ್ಲಿ ಬಾಣ ಇಟ್ಟುಕೊಂಡು ಕಾಯುತ್ತಾನೆ! ನಮ್ಮವರಿಗೆ ಎದುರಿನವನು ಟೈಪ್ ಮಾಡುವಷ್ಟು ಹೊತ್ತು ಕಾಯಲು ಆಗುವುದಿಲ್ಲ.

ಅರ್ಥ ಹಳಿ ತಪ್ಪಿದರೆ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ. ಅಲ್ಲಿಗೆ ಮುಗಿಯಿತು, ಎಂಥ ಕೌರವನೂ ಬಾಯಿ ಮುಚ್ಚಬೇಕು. ನಮ್ಮ ಗುಂಪಿನ ಭಾಗವತರು ತಾಳ ಕೆಳಗಿಟ್ಟು ತಾವೇ ಅರ್ಥ ಹೇಳಲು ಕೂತಿದ್ದಾರೆ.

ಮನೆಯ ಜಗಲಿಯಲ್ಲೂ ಜಗಳ ಇತ್ತು. ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರಿನ ಸರದಿ, ಬೆಟ್ಟದ ಸೊಪ್ಪು, ದನ ನುಗ್ಗಿದ ಬೇಲಿ, ಕಾರಣಕ್ಕೆ ಬರ ಇರಲಿಲ್ಲ. ಆದರೆ ದನಿ ಏರಿದ ಕೂಡಲೇ ಮನೆಯ ಯಜಮಾನ ಕವಳದ ಬಟ್ಟಲು ಮುಂದೆ ದೂಡುತ್ತಿದ್ದ. ‘ಮೊದ್ಲು ಕವಳ ಹಾಕು, ಆಮೇಲೆ ಬೈಲಕ್ಕು.’ ಎಲೆಗೆ ಸುಣ್ಣ ಸವರಿ, ತೊಟ್ಟು ಮುರಿದು, ಅಡಿಕೆ ಹೋಳು ಆರಿಸಿ, ಮಡಚಿ ಬಾಯಿಗಿಡುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಬಾಯಿ ತುಂಬ ಕವಳ ಇದ್ದವನು ಕೂಗಲಾರ. ಕೂಗಿದರೆ ಅವನದೇ ಬಿಳಿ ಅಂಗಿ ಹಾಳು.

ಗಂಭೀರ ವಿಷಯವನ್ನೂ ನಾವು ಚರ್ಚಿಸಿದ್ದೇವೆ, ಸ್ವಾಮಿ. ಬೇಡ್ತಿಗೆ ಅಣೆಕಟ್ಟು ಕಟ್ಟುತ್ತೇವೆ ಎಂದಾಗ, 1981ರಲ್ಲಿ, ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ವಿಚಾರ ಸಂಕಿರಣ ಮಾಡಿತು. ಅಡಿಕೆ ಮಾರುವ ಸಂಘ ವಿಜ್ಞಾನಿಗಳನ್ನು ಕರೆಸಿ, ಯೋಜನೆಯ ಲಾಭ ನಷ್ಟದ ಲೆಕ್ಕ ಬಿಡಿಸಿ ನೋಡಿತು. ಆ ಚರ್ಚೆ ಪುಸ್ತಕವಾಗಿಯೂ ಬಂತು. ಯೋಜನೆ ಮೂಲೆ ಸೇರಿತು. ಎರಡು ವರ್ಷದ ನಂತರ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅಪ್ಪಿಕೋ ಎಂಬ ಹೆಸರು ನಾಡೆಲ್ಲ ಓಡಾಡಿತು. ಯಾರೂ ಯಾರನ್ನೂ ಗುಂಪಿನಿಂದ ತೆಗೆದುಹಾಕಲಿಲ್ಲ.

ಈಗ ಬೇಡ್ತಿ–ವರದಾ ಜೋಡಣೆಯ ಮಾತು. ಅದೇ ನದಿ, ಅವರದೇ ಮಕ್ಕಳು. ಎಷ್ಟು ನೀರು ಹೋಗುತ್ತದೆ ಎಂದು ಕೇಳಿದವನು ಅಭಿವೃದ್ಧಿ ವಿರೋಧಿ. ಬಯಲುಸೀಮೆಗೂ ನೀರು ಬೇಕಲ್ಲ ಎಂದವನು ದುಡ್ಡು ತಿಂದವನು. ಮೂರನೆಯವನು ಇಲ್ಲ. ಇದ್ದರೆ ಮ್ಯೂಟ್ ಮಾಡಿಕೊಂಡು ಸೋಗೆ ಹೆಕ್ಕಲು ಹೋಗಿದ್ದಾನೆ.

ಬೈಗುಳವನ್ನಾದರೂ ಸಹಿಸಬಹುದು. ಸಹಿಸಲು ಆಗದ್ದು ಸೌಜನ್ಯ. ಒಮ್ಮೆ ಒಬ್ಬರು ಒಂದು ಸಂಘದ ವಾರ್ಷಿಕ ಲೆಕ್ಕದ ಬಗ್ಗೆ ಕೇಳಿದರು. ಒಳ್ಳೆಯ ಕನ್ನಡದಲ್ಲಿ, ದಯವಿಟ್ಟು ಎಂದು ಶುರುಮಾಡಿ ಧನ್ಯವಾದ ಎಂದು ಮುಗಿಸಿದ್ದರು. ಎರಡೇ ನಿಮಿಷ. ‘ಗುಂಪಿನಲ್ಲಿ ಸೌಜನ್ಯ ಕಾಪಾಡಿ.’ ಹಿಂದೆಯೇ ಇನ್ನೊಬ್ಬರು, ‘ರಚನಾತ್ಮಕ ಚರ್ಚೆ ಇರಲಿ.’ ಅಜ್ಜನ ಗಡಿಕಲ್ಲು ಎಳೆದು ತಂದಾಗ ಇವರಿಬ್ಬರೂ ಎಲ್ಲಿದ್ದರು? ಅಲ್ಲೇ ಇದ್ದರು. ಹೆಬ್ಬೆರಳು ಎತ್ತಿದ್ದರು. ಇವರ ನಿಘಂಟಿನಲ್ಲಿ ಬೈಗುಳ ಮನರಂಜನೆ, ಪ್ರಶ್ನೆ ಅಸಭ್ಯತೆ.

ಅಡ್ಮಿನ್ ಹಿಂದೆ ಹೀಗಿರಲಿಲ್ಲ. 2017ರಲ್ಲಿ ಪ್ರಧಾನಿಯ ಚಿತ್ರ ತಿರುಚಿ ಹಾಕಿದ ಪ್ರಕರಣದಲ್ಲಿ ನಮ್ಮದೇ ಜಿಲ್ಲೆಯ ಮುರುಡೇಶ್ವರದ ಪೊಲೀಸರು ಒಬ್ಬ ಅಡ್ಮಿನ್ನನ್ನೇ ಹಿಡಿದಾಗ ಇವರಿಗೆ ರಾತ್ರಿ ನಿದ್ದೆ ಹತ್ತಿರಲಿಲ್ಲ. ಒಂಬತ್ತು ನಿಯಮ ಹುಟ್ಟಿದ್ದು ಆ ಹೆದರಿಕೆಯಲ್ಲಿ. 2022ರಲ್ಲಿ ಕೇರಳ ಹೈಕೋರ್ಟ್, ಸದಸ್ಯ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲ ಎಂದಿತು. ಕೋರ್ಟು ಹೇಳಿದ್ದು ಅಷ್ಟೇ. ನಮ್ಮವರು ಓದಿಕೊಂಡದ್ದು ಅಡ್ಮಿನ್‌ಗೆ ಕೆಲಸವೇ ಇಲ್ಲ ಎಂದು. ಒಮ್ಮೆ ಜಗಳ ಮಿತಿ ಮೀರಿದಾಗ ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕಿದರು. ಮೂರು ದಿನ ಅವರೊಬ್ಬರೇ ಮಾತಾಡಿದರು. ಆ ಮೂರು ದಿನದಲ್ಲಿ ರಾಜಕೀಯ ಬೇಡ ಎಂಬ ನಿಯಮಕ್ಕೆ ಏನಾಯಿತು ಎಂದು ಬಿಡಿಸಿ ಹೇಳಬೇಕೆ?

‘ಬರೀ ಮೆಸೇಜು ಮಾರಾಯಾ, ತಲೆಬಿಸಿ ಮಾಡ್ಕಳಡ’ ಎನ್ನುತ್ತಾರೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಬರೀ ಮೆಸೇಜು. ಹೈದರಾಬಾದಿನಿಂದ ಬಂದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸಂದೇಶ ಅವರ ಕಾರಿಗಿಂತ ಮೊದಲು ಊರು ತಲುಪಿತು. ಜನ ದಾರಿ ಕಟ್ಟಿ ನಿಂತಿದ್ದರು. ಒಬ್ಬ ಎಂಜಿನಿಯರ್ ಹೆಣವಾದ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ದೂಡಬಹುದು ಎಂಬ ಮಿತಿ ತರುವುದಾಗಿ ಹೇಳಿತು. ನಮ್ಮ ಗುಂಪಿನ ಒಬ್ಬ ನಿವೃತ್ತರು ಆ ಮಿತಿಯ ಬಗ್ಗೆ ಬಂದ ಸುಳ್ಳು ಸುದ್ದಿಯನ್ನೇ ಐದೈದರಂತೆ ಎಲ್ಲರಿಗೂ ಹಂಚಿದರು.

ಮೂರ್ಖರಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅಲ್ಲ. ಬೋರ್ಡೋ ದ್ರಾವಣ ಮಾಡುವಾಗ ಇದೇ ಜನರನ್ನು ನೋಡಿ. 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಬೇರೆಬೇರೆ ಕರಗಿಸಿ, ನಿಧಾನಕ್ಕೆ ಬೆರೆಸಿ, ಕಬ್ಬಿಣದ ಚಾಕು ಅದ್ದಿ ಎತ್ತಿ ಹಿಡಿಯುತ್ತಾರೆ. ಅಲಗಿಗೆ ಕೆಂಪು ಹಿಡಿದರೆ ಖಾರ ಜಾಸ್ತಿ, ಇನ್ನಷ್ಟು ಸುಣ್ಣ. ಎಳೆಗೊನೆ ಸುಡಬಾರದಲ್ಲ! ಅಡಿಕೆ ಗೊನೆಯ ಮೇಲಿರುವ ಈ ಎಚ್ಚರದ ಕಾಲು ಭಾಗವೂ ಪಕ್ಕದ ಮನೆಯವನ ಮೇಲೆ ಇಲ್ಲ.

ಆ ಹುಡುಗನ ಪ್ರಶ್ನೆಗೆ ಗುಂಪಿನಲ್ಲಿ ಇನ್ನೂ ಉತ್ತರ ಬಂದಿಲ್ಲ. ಚುಕ್ಕಿ ಮೇಲಿನ ತೋಟಕ್ಕೂ ಹತ್ತಿದೆ. ಗೊತ್ತಿದ್ದವರು ಯಾರಾದರೂ ಸಂಜೆ ಅವನ ಮನೆಗೇ ಹೋಗಿ ಹೇಳಿ ಬನ್ನಿ. ಹೋಗಿದ್ದೆ ಎಂದು ಗುಂಪಿನಲ್ಲಿ ಫೋಟೊ ಮಾತ್ರ ಹಾಕಬೇಡಿ.