ಕೋಫಿ, ತುಕ್ರ ಮತ್ತು ಮಿಸ್ ಐಮಾ

ಹ್ಯೂಸ್ಟನ್ ಪಕ್ಕದ ನಮ್ಮ ಸೈಪ್ರೆಸ್‌ನ ಹಿತ್ತಿಲ ಬೇಲಿಗಳೆಲ್ಲ ಆಳೆತ್ತರದ ಹಲಗೆಯವು. ಮುಖ ಕಾಣದು, ಮಾತು ಧಾರಾಳವಾಗಿ ದಾಟುತ್ತದೆ. ನಮ್ಮ ಬೇಲಿಯ ಒಂದು ಹಲಗೆಯಲ್ಲಿ ಗಂಟು ಉದುರಿ ತೂತಾಗಿದೆ. ಸಂಜೆ ಬಸಳೆಗೆ ನೀರು ಬಿಡುವಾಗ ಆ ತೂತಿನಲ್ಲಿ ಪುತ್ತೂರಿನ ಅಮ್ಮನ ಕನ್ನಡಕ ಹೊಳೆಯುತ್ತದೆ. ಮಗಳ ಬಾಣಂತನಕ್ಕೆಂದು ಬಂದಿದ್ದಾರೆ. ಮಗಳಿಗೆ ಈಗ ಎಂಟು ತಿಂಗಳು, ಮನೆಯಲ್ಲಿ ಹೆಸರಿನ ಹುಡುಕಾಟ.

“ಒಂದು ಹೆಸರಿಗೆ ಎಷ್ಟು ಕಂಡೀಷನ್ ಮಾರಾಯ್ತಿ! ಎರಡು-ಮೂರೇ ಅಕ್ಷರ ಬೇಕಂತೆ, ಇಲ್ಲಿಯ ಟೀಚರಿಗೆ ಕರೀಲಿಕ್ಕೆ ಆಗಬೇಕಂತೆ, ಅರ್ಥವೂ ಬೇಕಂತೆ. ಫೋನಿನಲ್ಲಿ ಯಾವ ಹೆಸರು ಒತ್ತಿದ್ರೂ ಒಂದಾ ಸೂರ್ಯನ ಕಿರಣ, ಇಲ್ಲದಿದ್ರೆ ವಿಷ್ಣು. ಇದೆಂತ ಅರ್ಥ?”

ಅಮ್ಮನ ಮಾತು ನಿಜ. ಈ ಷರತ್ತುಗಳನ್ನೆಲ್ಲ ದಾಟಿ ಉಳಿಯುವುದು ಆರವ್, ಅನಿಕಾ, ಮಾಯಾ, ನೀಲ್. ಬರ್ತ್‌ಡೇ ಪಾರ್ಟಿಯಲ್ಲಿ ಒಬ್ಬ ಆರವ್‌ನನ್ನು ಕೂಗಿದರೆ ಮೂವರು ಓಡಿಬರುತ್ತಾರೆ.

“ನಮ್ಮ ತೋಟಕ್ಕೆ ಬರ್ತಿದ್ದವರು ಐತ, ಅಂಗಾರ, ತುಕ್ರ, ತನಿಯ. ಹುಟ್ಟಿದ ವಾರವೇ ಹೆಸರು. ಅರ್ಥ ಹುಡುಕುವ ಕೆಲಸವೇ ಇಲ್ಲ” ಎಂದರು. ಸಹಸ್ರನಾಮದ ಹೆಸರು ಯಾರ ಮನೆಗೆ, ವಾರದ ಹೆಸರು ಯಾರ ಮನೆಗೆ ಎಂಬುದನ್ನು ಜಾತಿಯೇ ತೀರ್ಮಾನಿಸುತ್ತಿತ್ತಲ್ಲವೇ ಎಂದೆ. ಕನ್ನಡಕ ಒಂದು ಕ್ಷಣ ಅಲುಗಲಿಲ್ಲ. “ಅದು ಹೌದು. ಆದ್ರೆ ನಮ್ಮ ಸುಳ್ಯದ ಅಂಗಾರರು ಆರು ಸಲ ಎಮ್ಮೆಲ್ಲೆ ಆದ್ರು, ಮಂತ್ರಿಯೂ ಆದ್ರು, ಗೊತ್ತುಂಟಾ?”

ಘಾನಾದ ಅಕಾನ್ ಜನರಲ್ಲೂ ಹೀಗೇ ಎಂದೆ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರದವನು ಕ್ವಾಮೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ.

“ಅಂದ್ರೆ ನಮ್ಮ ತುಕ್ರ!” ಅಮ್ಮನಿಗೆ ಪರಮಾನಂದ.

ಕೋಫಿಯಿಂದ ಮಾತು ಕಾಫಿಗೆ ಹೊರಳಿತು. ಬಿಡದಿ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿಗಳಲ್ಲಿ ಕಾಫಿ, ಮೈಸೂರುಪಾಕ್, ಹೈಕೋರ್ಟ್, ಗೂಗಲ್ ಎಂದೆಲ್ಲ ಹೆಸರಿಟ್ಟುಕೊಂಡವರಿದ್ದಾರೆ. ಬೇಟೆಯ ಬದುಕು ಬಿಟ್ಟು ಊರು ಸೇರಿದ ಜನ, ಕಣ್ಣಿಗೆ ದೊಡ್ಡದಾಗಿ ಕಂಡದ್ದನ್ನು, ನಾಲಿಗೆಗೆ ಹಿಡಿಸಿದ್ದನ್ನು ಮಕ್ಕಳಿಗೆ ಇಟ್ಟರು. ಪೇಪರಿನವರಿಗೆ ಅದು ತಮಾಷೆ. ನನಗಂತೂ ಸೂರ್ಯಕಿರಣಕ್ಕಿಂತ ಮೈಸೂರುಪಾಕೇ ಪ್ರಾಮಾಣಿಕ ಎನಿಸುತ್ತದೆ.

“ಈ ಅಮೆರಿಕದವರು ಎಂತೆಂತದ್ದು ಇಡ್ತಾರೆ?”

ಇಲ್ಲೇ ಪೂರ್ವಕ್ಕಿರುವ ಬೋಮಾಂಟ್‌ನಲ್ಲಿ 1984ರಲ್ಲಿ ಒಂದು ಹೆಣ್ಣುಮಗುವಿಗೆ 1,019 ಅಕ್ಷರಗಳ ಹೆಸರಿಟ್ಟು ಗಿನ್ನೆಸ್ ದಾಖಲೆ ಮಾಡಿದರು. ಆಡಂಬರ, ಬಿಡಿ. ಹ್ಯೂಸ್ಟನ್ನಿನ ನಿಜವಾದ ಹೆಸರಿನ ಕಥೆ ಮಿಸ್ ಐಮಾಳದು. ಟೆಕ್ಸಸ್ ಗವರ್ನರ್ ಆಗಿದ್ದ ಜಿಮ್ ಹಾಗ್ ಅವರ ಮಗಳು, ಹುಟ್ಟಿದ್ದು 1882ರಲ್ಲಿ. ದೊಡ್ಡಪ್ಪ ಬರೆದ ಕಾವ್ಯದ ನಾಯಕಿಯ ಹೆಸರು ಐಮಾ, ಅದನ್ನೇ ಇಟ್ಟರು. ಮನೆತನದ ಹೆಸರು ಹಾಗ್. ಎರಡನ್ನೂ ಕೂಡಿಸಿ ಇಂಗ್ಲಿಷಿನಲ್ಲಿ ಓದಿದರೆ ‘ನಾನೊಂದು ಹಂದಿ’!

ಅಮ್ಮ ಪೈಪು ಕೆಳಗಿಟ್ಟರು. “ಮನೆಯಲ್ಲಿ ಹಿರಿಯರು ಯಾರೂ ಇರಲಿಲ್ವಾ?”

ಇದ್ದರು. ತಾಯಿಯ ತಂದೆ ಹದಿನೈದು ಮೈಲಿ ದೂರದಲ್ಲಿದ್ದರು. ಸುದ್ದಿ ಕೇಳಿ ತಡೆಯಲೆಂದು ಓಡೋಡಿ ಬಂದರಂತೆ, ಅಷ್ಟರಲ್ಲಿ ನಾಮಕರಣ ಮುಗಿದೇಹೋಗಿತ್ತು. ತಂಗಿಯ ಹೆಸರು ಯೂರಾ ಹಾಗ್, ಅಂದರೆ ‘ನೀನೂ ಹಂದಿ’, ಎಂದು ಊರವರು ಹಬ್ಬಿಸಿದ್ದೂ ಉಂಟು. ಅದು ಶುದ್ಧ ಸುಳ್ಳು, ಇದ್ದವರು ಮೂವರು ಗಂಡುಮಕ್ಕಳೇ. ಐಮಾಳ ಹೆಸರಿಗಾಗಿ ಸ್ಕೂಲಿನಲ್ಲಿ ಹೊಡೆದಾಡಿ ಮೂಗಿನಲ್ಲಿ ರಕ್ತ ಸುರಿಸಿಕೊಂಡು ಬಂದ ಅಣ್ಣನೂ ಇದ್ದ. ಆಕೆ ಹೆಸರು ಬದಲಿಸಲಿಲ್ಲ. 1913ರಲ್ಲಿ ಹ್ಯೂಸ್ಟನ್ ಸಿಂಫನಿ ಕಟ್ಟಲು ನಿಂತರು. ಎಣ್ಣೆಯಿಂದ ಬಂದ ಹಣದಲ್ಲಿ ಮಾನಸಿಕ ಆರೋಗ್ಯಕ್ಕೆ ಪ್ರತಿಷ್ಠಾನ ತೆರೆದರು. ಬೇಯೂ ಬೆಂಡ್ ಎಂಬ ತಮ್ಮ ಬಂಗಲೆಯನ್ನು ಸಾಮಾನುಸಮೇತ ಊರಿನ ಮ್ಯೂಸಿಯಮ್ಮಿಗೆ ಕೊಟ್ಟರು. 93 ವರ್ಷ ಬಾಳಿ 1975ರಲ್ಲಿ ತೀರಿಕೊಂಡರು. ಸಹಿ ಮಾತ್ರ ಯಾರೂ ಓದಲಾಗದಂತೆ ಗೀಚುತ್ತಿದ್ದರಂತೆ.

“ಪಾಪ, ಆ ಅಜ್ಜ!” ಅಮ್ಮನಿಗೆ ಸಿಂಫನಿಗಿಂತ ಓಡಿಬಂದ ಅಜ್ಜನೇ ಮನಸ್ಸಿಗೆ ಹತ್ತಿದ್ದ. “ನಮ್ಮದು ಹಾಗೆ ಆಗುದಿಲ್ಲ. ಪುಣ್ಯಾಹ ಆಗಿ, ತೊಟ್ಟಿಲಿಗೆ ಹಾಕಿಯೇ ಹೆಸರು.”

ಅಲ್ಲೇ ಎಡವಟ್ಟು. ಟೆಕ್ಸಸ್‌ನಲ್ಲಿ ಹುಟ್ಟಿದ ಐದು ದಿನದೊಳಗೆ ಜನನ ದಾಖಲೆ ಸಲ್ಲಬೇಕು. ಬಾಣಂತಿ ಮಂಚ ಇಳಿಯುವ ಮೊದಲೇ ಆಸ್ಪತ್ರೆಯವರು ಫಾರ್ಮ್ ಹಿಡಿದು ಬರುತ್ತಾರೆ. ಬರೆಯುವುದೂ ಇಂಗ್ಲಿಷ್ ಅಕ್ಷರದಲ್ಲೇ. ನಮ್ಮ ಳಕಾರ, ಣಕಾರ ಕೇಳುವುದೇ ಬೇಡ.

ಆದ್ದರಿಂದ ಈ ಕಡೆಗೆ ಬಾಣಂತನಕ್ಕೆ ಹೊರಟ ಅಮ್ಮಂದಿರೇ, ಹೆಸರಿನ ಬಗ್ಗೆ ತಕರಾರು ಇದ್ದರೆ ವಿಮಾನ ಹತ್ತುವ ಮೊದಲೇ ಹೇಳಿಬಿಡಿ.