ಸೈಟೇಗೌಡರ ಶಾಲಾ ಸಮೀಕ್ಷೆ

ಮಂಡ್ಯದ ಯಾವುದೇ ಹೊಸ ಬಡಾವಣೆಗೆ ಭಾನುವಾರ ಬೆಳಿಗ್ಗೆ ಹೋಗಿ, ಸೈಟೇಗೌಡರು ಸಿಕ್ಕೇ ಸಿಗುತ್ತಾರೆ. ಹೋದ ವರ್ಷದವರೆಗೆ ಭತ್ತದ ಗದ್ದೆಯಾಗಿದ್ದ ಜಾಗದಲ್ಲಿ, ಕಲ್ಲು ನೆಟ್ಟ ಮೂವತ್ತು ನಲವತ್ತರ ತುಂಡೊಂದರ ಮೇಲೆ ನಿಂತು ಮೊಬೈಲಿನಲ್ಲಿ ದೂರ ಅಳೆಯುತ್ತಿರುತ್ತಾರಲ್ಲ, ಅವರೇ. ಜಾತಿ ಯಾವುದಾದರೂ ಆದೀತು. ಮಂಡ್ಯದ ಕಿವಿಗೆ ಒಗ್ಗಲಿ ಎಂದು ಗೌಡರನ್ನಾಗಿ ಮಾಡಿದ್ದೇನೆ. ಊರು ಮಳವಳ್ಳಿ ಕಡೆಯದೋ ಮದ್ದೂರು ಕಡೆಯದೋ ಇರುತ್ತದೆ. ಸೊಸೈಟಿ ಕಾರ್ಯದರ್ಶಿ, ಪಿಡಿಒ, ಕೆಇಬಿ ಲೈನ್‌ಮನ್, ಸರ್ಕಾರಿ ಶಾಲೆ ಮೇಷ್ಟ್ರು, ಹೀಗೆ ನಾನಾ ವೇಷದಲ್ಲಿ ಅವರು ಓಡಾಡುತ್ತಾರೆ. ವ್ಯವಹಾರದಲ್ಲಿ ಬಲು ಚುರುಕು. ಖಾತೆ ಯಾರ ಹೆಸರಿನಲ್ಲಿದೆ, ನಾಲೆ ಬಿಟ್ಟಾಗ ಪಾಯಕ್ಕೆ ನೀರು ಬಸಿಯುತ್ತದೆಯೇ, ಬೋರು ಎಷ್ಟು ಅಡಿಗೆ ಬಿದ್ದಿದೆ, ಈಶಾನ್ಯ ಮೂಲೆ ಕತ್ತರಿಸಿದೆಯೇ, ಎಲ್ಲವನ್ನೂ ಕೆದಕಿ ಕೇಳಿ ಕೊನೆಗೆ ಮುಖ್ಯ ಪ್ರಶ್ನೆಗೆ ಬರುತ್ತಾರೆ: "ಸ್ಕೂಲು?" ಬ್ರೋಕರು ಇದಕ್ಕೇ ಕಾದಿದ್ದವನ ಹಾಗೆ, "ನಾಕ್ ಸ್ಕೂಲ್ ಬಸ್ಸು ಇಲ್ಲೇ ತಿರುಗ್ತವೆ ಕನಣ್ಣ" ಅನ್ನುತ್ತಾನೆ. ಚದರಡಿಯ ದರ ಅಲ್ಲೇ ಒಂದು ಮೆಟ್ಟಿಲು ಹತ್ತುತ್ತದೆ. ನಿಂತಲ್ಲಿಂದಲೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಕಾಂಪೌಂಡು ಕಾಣುತ್ತಿದ್ದರೂ ಅದರ ಮಾತು ಎತ್ತುವವರಿಲ್ಲ. ಎತ್ತಿದರೂ ವಿಳಾಸ ಹೇಳುವುದಕ್ಕೆ: "ಸರ್ಕಾರಿ ಸ್ಕೂಲ್ ತಾವ ಎಡಕ್ಕೆ ತಿರುಕ್ಕೊಂಡು ಬನ್ನಿ." ಐದು ವರ್ಷಕ್ಕೊಮ್ಮೆ ಓಟು ಹಾಕಲು, ಮದುವೆ ಸೀಜನ್ನಿನಲ್ಲಿ ಕಾರು ನಿಲ್ಲಿಸಲು ಆ ಕಟ್ಟಡ ಬೇಕು. ಮಕ್ಕಳನ್ನು ಕಳಿಸುವ ಜಾಗಗಳ ಪಟ್ಟಿಯಲ್ಲಿ ಮಾತ್ರ ಅದಿಲ್ಲ.

ಶಾಲೆ ನೋಡಿ ಮನೆ ಕೊಳ್ಳುವುದು ಹುಚ್ಚು ಎಂದು ನಗುವುದಕ್ಕೆ ಮುಂಚೆ ಒಂದು ಮಾತು. ಲೋಕದಲ್ಲಿ ಬಹಳ ಜನ ಬುದ್ಧಿವಂತರು ಇದನ್ನೇ ಮಾಡುತ್ತಾರೆ. ಅಮೆರಿಕದಲ್ಲಿ ಸರ್ಕಾರಿ ಶಾಲೆಯ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಯಾವ ಬೀದಿಯಲ್ಲಿ ಮನೆಯೋ ಸಾಮಾನ್ಯವಾಗಿ ಆ ಬೀದಿಗೆ ಗೊತ್ತುಮಾಡಿದ ಶಾಲೆ. ಇಂಗ್ಲೆಂಡಿನಲ್ಲೂ ಸೀಟಿಗಿಂತ ಅರ್ಜಿ ಹೆಚ್ಚಾದರೆ ಮನೆಯ ದೂರ ಲೆಕ್ಕಕ್ಕೆ ಬರುತ್ತದೆ. ಚೀನಾದ ದೊಡ್ಡ ನಗರಗಳಲ್ಲಿ ಒಳ್ಳೆಯ ಸರ್ಕಾರಿ ಶಾಲೆಯ ವ್ಯಾಪ್ತಿಗೆ ಬರುವ ಹಳೆಯ ಮುರುಕು ಫ್ಲಾಟಿಗೂ ಹೊಸ ಕಟ್ಟಡದ ಬೆಲೆ ಕೊಟ್ಟವರಿದ್ದಾರೆ. ಅಲ್ಲೆಲ್ಲ ಮನೆಯ ವಿಳಾಸವೇ ಸೀಟು. ನಮ್ಮ ಸೈಟೇಗೌಡರು ಆ ದೇಶಗಳ ಆತಂಕವನ್ನು ಪೂರ್ತಿಯಾಗಿ ತರಿಸಿಕೊಂಡಿದ್ದಾರೆ, ಕಾನೂನು ಮಾತ್ರ ಹಡಗಿನಲ್ಲೇ ಉಳಿದಿದೆ. ನಮ್ಮಲ್ಲಿಯೂ ವಿಳಾಸ ಲೆಕ್ಕಕ್ಕೆ ಬರುತ್ತದೆ, ಇಲ್ಲವೆಂದಲ್ಲ. ಆದರೆ ಬಹುಪಾಲು ಸಂದರ್ಭಗಳಲ್ಲಿ ಅವರು ಎಣಿಸಿದ್ದಕ್ಕೆ ತದ್ವಿರುದ್ಧವಾಗಿ ಬರುತ್ತದೆ.

ಕೇಂದ್ರೀಯ ವಿದ್ಯಾಲಯವನ್ನೇ ತೆಗೆದುಕೊಳ್ಳಿ. ಸೈಟೇಗೌಡರು ಸರ್ಕಾರಿ ಎಂಬ ಪದವನ್ನು ಗೌರವದಿಂದ ಉಚ್ಚರಿಸುವ ಅಪರೂಪದ ಸಂದರ್ಭ ಅದು. ಅಲ್ಲಿ ಮೊದಲು ನೋಡುವುದು ಅಪ್ಪ ಅಮ್ಮನ ನೌಕರಿಯನ್ನು. ಕೇಂದ್ರ ಸರ್ಕಾರಿ ನೌಕರರ ಮಕ್ಕಳು ಮೊದಲು, ರಾಜ್ಯ ಸರ್ಕಾರದವರ ಮಕ್ಕಳು ಆಮೇಲೆ, ಉಳಿದವರು ಕಟ್ಟಕಡೆಗೆ. ಸಂಸದರ ಶಿಫಾರಸಿನ ಕಿಟಕಿಯೊಂದಿತ್ತು, 2022ರಲ್ಲಿ ಅದನ್ನೂ ಮುಚ್ಚಿದರು. ದೂರದ ಲೆಕ್ಕ ಬರುವುದು ಮುಖ್ಯವಾಗಿ ಒಂದನೇ ತರಗತಿಯಲ್ಲಿ ಶಿಕ್ಷಣ ಹಕ್ಕಿಗೆಂದು ಮೀಸಲಿಟ್ಟ ಕಾಲು ಭಾಗದ ಸೀಟಿಗೆ, ಅದೂ ಜಿಲ್ಲಾ ಕೇಂದ್ರವಾದರೆ 5 ಕಿಲೋಮೀಟರಿನ ಒಳಗೆ. ಮಂಡ್ಯದಂಥ ಊರಿನಲ್ಲಿ 5 ಕಿಲೋಮೀಟರಿನ ಬಳೆ ಎಳೆದರೆ ಹೆಚ್ಚುಕಡಿಮೆ ಊರೇ ಅದರೊಳಗೆ ಬಂದುಬಿಡುತ್ತದೆ. ಗುತ್ತಲು ಕಡೆಯ ಸೈಟಿಗಿಂತ ಕಲ್ಲಹಳ್ಳಿಯ ಸೈಟು ಎಂಟು ನೂರು ಮೀಟರು ಹತ್ತಿರ ಎಂದು ಮೂರು ಲಕ್ಷ ಹೆಚ್ಚಿಗೆ ಕೊಟ್ಟವರಿಗೆ ಆ ಮೂರು ಲಕ್ಷದಿಂದ ಬರುವುದು ಎಂಟು ನೂರು ಮೀಟರು ಮಾತ್ರ.

ಇದಾದರೂ ನಷ್ಟವಿಲ್ಲದ ವ್ಯವಹಾರ. ಜವಾಹರ್ ನವೋದಯ ವಿದ್ಯಾಲಯದ ವಿಚಾರದಲ್ಲಿ ಸೈಟೇಗೌಡರು ಕೈಯಾರೆ ಬಾಗಿಲು ಹಾಕಿಕೊಳ್ಳುತ್ತಾರೆ. ಜಿಲ್ಲೆಗೊಂದು ಶಾಲೆ, ಆರನೇ ತರಗತಿಗೆ ಪ್ರವೇಶ ಪರೀಕ್ಷೆ, ಊಟ ವಸತಿ ಎಲ್ಲ ಅಲ್ಲೇ. ಅದರಲ್ಲಿ ಕಡಿಮೆಯೆಂದರೂ ಶೇ. 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ. ಮೂರು, ನಾಲ್ಕು, ಐದನೇ ತರಗತಿಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಕೂತಿದ್ದರೂ ಆ ಮಗು ಗ್ರಾಮೀಣವಲ್ಲ. ಮಳವಳ್ಳಿ ಸೀಮೆಯ ಹಳ್ಳಿಯಲ್ಲಿ ಎರಡನೇ ತರಗತಿ ಮುಗಿಸಿದ ಮಗಳನ್ನು "ಒಳ್ಳೆ ಬೇಸ್ ಸಿಗ್ಲಿ" ಎಂದು ಮಂಡ್ಯಕ್ಕೆ ಕರೆತರುತ್ತಾರಲ್ಲ, ಅಂದೇ ಆ ಮುಕ್ಕಾಲು ಪಾಲು ಸೀಟಿಗೆ ತಿಲಾಂಜಲಿ. ನಮ್ಮ ಲೇಔಟು ಗ್ರಾಮ ಪಂಚಾಯಿತಿ ವ್ಯಾಪ್ತಿಯದು ಎಂದು ವಾದಿಸಿದರೆ ನಡೆಯದು; ನವೋದಯದವರು ನೋಡುವುದು ಮಗು ಓದಿದ ಶಾಲೆ ಎಲ್ಲಿದೆ ಎಂದು, ಮನೆ ಎಲ್ಲಿದೆ ಎಂದಲ್ಲ. ಇನ್ನು ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಸಾಮಾನ್ಯವಾಗಿ ಪರೀಕ್ಷೆ ಬರೆದೇ ಹೋಗಬೇಕು. ಮಗು ಹಾಸ್ಟೆಲಿನಲ್ಲಿರುವ ಶಾಲೆಗೆ ಮನೆ ಎಲ್ಲಿದ್ದರೇನು?

ಶಿಕ್ಷಣ ಹಕ್ಕು ಕಾಯ್ದೆಯ ಕಥೆ ಇನ್ನೂ ರುಚಿಯಾಗಿದೆ. 2012ರಿಂದ ನಮ್ಮ ರಾಜ್ಯದ ಖಾಸಗಿ ಶಾಲೆಗಳಲ್ಲಿ ಶೇ. 25ರಷ್ಟು ಸೀಟು ನೆರೆಹೊರೆಯ ಬಡ ಮಕ್ಕಳಿಗೆ ಉಚಿತವಾಗಿ ಸಿಗತೊಡಗಿತು. ಪಟ್ಟಣದಲ್ಲಿ ನೆರೆಹೊರೆ ಎಂದರೆ ವಾರ್ಡು. ಸೈಟೇಗೌಡರಿಗೆ ಬಡತನದ ಮೇಲೆ ಅಕ್ಕರೆ ಹುಟ್ಟಿದ್ದು ಆಗಲೇ. ತಹಶೀಲ್ದಾರರ ಆದಾಯ ಪತ್ರದಲ್ಲಿ ದೀನ, ಬ್ಯಾಂಕಿನ ಸಾಲದ ಅರ್ಜಿಯಲ್ಲಿ ಧನಿಕ. ಎರಡೂ ಕಾಗದ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಜಗಳವಿಲ್ಲದೆ ಇರುತ್ತಿದ್ದವು. ಬೇಕಾದ ವಾರ್ಡಿನಲ್ಲಿ ಹೆಸರಿಗೊಂದು ಬಾಡಿಗೆ ಕರಾರು ಮಾಡಿಸಿದ ಮಹನೀಯರೂ ಉಂಟು. 2019ರಲ್ಲಿ ನಿಯಮ ಬದಲಾಯಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಉಚಿತ ಸೀಟಿಲ್ಲ. ಅಲ್ಲಿಯವರೆಗೆ ಸೈಟಿನ ಪಕ್ಕ ಸ್ಮಶಾನವಿದೆಯೇ ಎಂದು ನೋಡುತ್ತಿದ್ದ ಕೆಲವರು ಆ ವರ್ಷದಿಂದ ಸರ್ಕಾರಿ ಶಾಲೆಯೂ ಇದೆಯೇ ಎಂದು ನೋಡಿ ದೂರ ಸರಿಯತೊಡಗಿದರು. ಕಾನೂನು ಹತ್ತಿರದಲ್ಲೇ ಇರಬೇಕೆಂದು ಹೇಳಿದ ಶಾಲೆ ಸೈಟಿನ ದೋಷಗಳ ಪಟ್ಟಿಗೆ ಸೇರಿತು. ವಾಸ್ತು ಪಂಡಿತರು ಇದಕ್ಕೊಂದು ಶಾಂತಿ ಹೇಳದೆ ಬಿಟ್ಟದ್ದೇ ಆಶ್ಚರ್ಯ.

ಹೀಗೆ ಲೆಕ್ಕ ಹಾಕಿದರೆ, ವಿಳಾಸ ನೋಡಿ ಸೀಟು ಕೊಡುವ ಶಾಲೆ ಸೈಟೇಗೌಡರಿಗೆ ಬೇಡ, ಅವರಿಗೆ ಬೇಕಾದ ಶಾಲೆಗೆ ಅವರ ವಿಳಾಸ ಬೇಡ. ಉಳಿದದ್ದು ಶುಲ್ಕ ಕಟ್ಟುವ ಶಾಲೆ. ಅದಕ್ಕೆ ಮದ್ದೂರಿನಿಂದ ಬಂದರೂ ಸಂತೋಷ, ಬಸ್ಸಿನ ಹಣ ಕಟ್ಟಿದರಾಯಿತು.

ಸೈಟೇಗೌಡರು ಸುಮ್ಮನೆ ಕೇಳಿಸಿಕೊಳ್ಳುವವರಲ್ಲ. "ಸರ್ಕಾರಿ ಶಾಲೇಲಿ ಮೇಷ್ಟ್ರೇ ಇಲ್ವಲ್ಲ ಸ್ವಾಮಿ" ಎಂಬುದು ಅವರ ಮೊದಲ ಆಕ್ಷೇಪ. ಇದನ್ನು ತಳ್ಳಿಹಾಕುವಂತಿಲ್ಲ. ಇಬ್ಬರೇ ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಶಾಲೆಗಳಿವೆ. ಅದರ ಮಧ್ಯೆ ಹಾಲು, ಮೊಟ್ಟೆ, ಬಿಸಿಯೂಟ, ಆನ್‌ಲೈನ್ ಮಾಹಿತಿ, ಗಣತಿ ಎಲ್ಲ ಅವರದೇ ತಲೆಗೆ. ಆದರೆ ಮೇಷ್ಟ್ರು ಏಕಿಲ್ಲ? ಅದೇ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಆ ಅರವತ್ತೊಂದನೇ ಮಗು ಹಳದಿ ಬಸ್ಸು ಹತ್ತಿದ ದಿನ ಮೂರನೆಯ ಹುದ್ದೆ ಅಲುಗಾಡುತ್ತದೆ, ಆಮೇಲೆ 'ಹೆಚ್ಚುವರಿ' ಪಟ್ಟಿಗೆ ಹೋಗುತ್ತದೆ. ಇಲ್ಲಿ ಮೇಷ್ಟ್ರ ವೇಷದ ಸೈಟೇಗೌಡರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೇ ತಿಂಗಳ ಕೊನೆಗೆ ಅವರು ಹಳ್ಳಿಯಲ್ಲಿ ದಾಖಲಾತಿ ಆಂದೋಲನದ ಬ್ಯಾನರು ಹಿಡಿದು ಮನೆ ಮನೆಗೆ ಹೋಗಿ, ನಮ್ಮಲ್ಲಿ ಪುಸ್ತಕ ಉಚಿತ, ಸಮವಸ್ತ್ರ ಉಚಿತ, ತರಬೇತಿ ಪಡೆದ ಶಿಕ್ಷಕರಿದ್ದಾರೆ ಎಂದು ಮನವೊಲಿಸುತ್ತಾರೆ. ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಜಗಲಿಯ ಮೇಲೆ ಕೂತ ಮುದುಕಿಯೊಬ್ಬಳು "ನಿಮ್ಮ ಮಗ ಯಾವ ಸ್ಕೂಲು ಮೇಷ್ಟ್ರೇ?" ಎಂದು ಕೇಳುವವರೆಗೆ ಎಲ್ಲ ಸರಾಗ. ಮಕ್ಕಳ ಸಂಖ್ಯೆ ಇಳಿದು ಕೊನೆಗೆ ಹೆಚ್ಚುವರಿಯಾದವರು ಅವರೇ ಆದರೆ, ಮರುಹೊಂದಾಣಿಕೆಯಲ್ಲಿ ನಾಗಮಂಗಲದ ಮೂಲೆಗೆ ಬಿದ್ದು, ಮಗನ ಶಾಲೆಯ ಹತ್ತಿರ ಕಟ್ಟಿಸಿದ ಮನೆಗೆ ರಾತ್ರಿ ಎಂಟಕ್ಕೆ ಬಂದು ಸೇರುತ್ತಾರೆ.

ಎರಡನೆಯ ಆಕ್ಷೇಪ ಇಂಗ್ಲಿಷಿನದು. ಅದಕ್ಕೆ ಉತ್ತರ ಚಿಕ್ಕದು: 2019-20ರಲ್ಲಿಯೇ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳೂ ಬಂದಿವೆ. ಅದು ಸರಿಯೋ ತಪ್ಪೋ ಎಂಬ ಜಗಳ ಬೇರೆಯದು. ಸೈಟೇಗೌಡರು ಬೇಕೆಂದದ್ದು ಅಲ್ಲಿದೆ, ಅಷ್ಟೆ. ಮೂರನೆಯದು ನಿಜಕ್ಕೂ ಗಟ್ಟಿ: "ನನ್ ಮಗೀನ್ ಮೇಲೆ ಪ್ರಯೋಗ ಮಾಡ್ಲಾ?" ಯಾವ ತಂದೆಗೂ ಮಾಡು ಎಂದು ಹೇಳುವ ಹಕ್ಕು ನಮಗಿಲ್ಲ. ಸಮಾಜ ಸುಧಾರಣೆಗೆ ಒಂದನೇ ತರಗತಿಯ ಕೂಸನ್ನು ಮುಂದೆ ನಿಲ್ಲಿಸುವುದು ನ್ಯಾಯವೂ ಅಲ್ಲ. ತಕರಾರು ಇರುವುದು ಆರಿಸಿದ್ದಕ್ಕಲ್ಲ, ನೋಡದೆ ಆರಿಸಿದ್ದಕ್ಕೆ. ಪಾಯದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದ ಮನುಷ್ಯ ಪಕ್ಕದ ಶಾಲೆಯ ಗೇಟು ದಾಟಿ, ಎಷ್ಟು ಜನ ಶಿಕ್ಷಕರಿದ್ದಾರೆ, ಶೌಚಾಲಯಕ್ಕೆ ನೀರಿದೆಯೇ, ನಾಲ್ಕನೆಯ ತರಗತಿಯ ಹುಡುಗಿ ಪಾಠವನ್ನು ತಡವರಿಸದೆ ಓದುತ್ತಾಳೆಯೇ ಎಂದು ಅರ್ಧ ಗಂಟೆ ನೋಡಲಿಲ್ಲ. ಖಾಸಗಿ ಶಾಲೆಯನ್ನೂ ಅವರು ನೋಡಿದ್ದು ಹೊರಗಿನ ಬಣ್ಣ, ಒಳಗಿನ ಸ್ವಾಗತ ಕೌಂಟರು, ಬಸ್ಸಿನ ನಂಬರು. ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಎಂಬ ಸಮಿತಿಯೊಂದಿದೆ. ಮಗು ಸೇರಿಸಿದ ತಂದೆ ತಾಯಿ ಅದರ ಸದಸ್ಯರಾಗಿ ಕೂತು ಶಾಲೆಯ ಲೆಕ್ಕ ಕೇಳಬಹುದು. ಸೊಸೈಟಿ ಚುನಾವಣೆಯೆಂದರೆ ನಿದ್ದೆ ಬಿಡುವ ಮಂಡ್ಯದ ಜನಕ್ಕೆ ಈ ಕುರ್ಚಿ ಕಣ್ಣಿಗೆ ಬೀಳದಿರುವುದು ವಿಚಿತ್ರ.

ಇಷ್ಟಕ್ಕೂ ಶಾಲೆಯ ಆಯಸ್ಸು ಹತ್ತು ವರ್ಷ, ಗೃಹಸಾಲದ್ದು ಇಪ್ಪತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರಕ್ಕೆಲ್ಲ ಮಗಳನ್ನು ನೀಟ್ ತರಬೇತಿಯ ಹೆಸರಿನಲ್ಲಿ ಮೈಸೂರಿಗೋ ಮೂಡುಬಿದಿರೆಗೋ ಹಾಸ್ಟೆಲಿಗೆ ಬಿಟ್ಟು ಬರುತ್ತಾರೆ. ಶಾಲೆಗಾಗಿ ಕಟ್ಟಿಸಿದ ಮನೆಯಲ್ಲಿ ಶಾಲೆಗೆ ಹೋಗುವವರು ಯಾರೂ ಉಳಿಯುವುದಿಲ್ಲ, ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಹಾಜರಿ ಹಾಕುತ್ತದೆ. ಕಂತಿಗೆ ಒತ್ತಾಸೆಯಾಗಲಿ ಎಂದು ಮಹಡಿ ಮನೆಯನ್ನು ಬಾಡಿಗೆಗೆ ಹಾಕುತ್ತಾರೆ. ನೋಡಲು ಬರುವ ಕೆ.ಆರ್. ಪೇಟೆ ಕಡೆಯ ದಂಪತಿ ಬಾಡಿಗೆ, ಅಡ್ವಾನ್ಸು, ನೀರು ಯಾವುದನ್ನೂ ಕೇಳುವುದಿಲ್ಲ, ಈ ರಸ್ತೆಗೆ ಯಾವ ಯಾವ ಸ್ಕೂಲ್ ಬಸ್ಸು ಬರುತ್ತವೆ ಎಂದು ಕೇಳುತ್ತಾರೆ. ಸೈಟೇಗೌಡರಿಗೆ ನಾಲ್ಕೂ ಬಸ್ಸಿನ ವೇಳೆ ಬಾಯಿಪಾಠ.